ಬೆವರು, ಮಳೆ, ತೋಟದ ಮದ್ದು: ದಿನನಿತ್ಯದ ದೇಹಶ್ರಮಕ್ಕೆ ಕೈಗಡಿಯಾರ ಆರಿಸುವ ಸಮಗ್ರ ಮಾರ್ಗದರ್ಶಿ

ನಾನು ಕಂಡಂತೆ ನಮ್ಮ ಕಾಸರಗೋಡು, ಮಂಜೇಶ್ವರ ಭಾಗದಲ್ಲಿ ಕೈಗಡಿಯಾರಗಳು ಬಿದ್ದು ಒಡೆಯುವುದಕ್ಕಿಂತ ಒಳಗೆ ತೇವ ಸೇರಿ ಹಾಳಾಗುವುದೇ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹೊಯ್ಯುವ ಮಳೆ, ಉಳಿದ ತಿಂಗಳುಗಳಲ್ಲಿ ನಿಂತಲ್ಲೇ ಬೆವರಿಳಿಸುವ ಸೆಕೆ, ಕಡಲಿನಿಂದ ಬರುವ ಉಪ್ಪುಗಾಳಿ, ತೋಟದ ಕೆಲಸದಲ್ಲಿ ಕೈಗೆ ಹತ್ತುವ ಮದ್ದು ಮತ್ತು ಕರೆ, ಇವೆಲ್ಲವನ್ನೂ ಮಣಿಕಟ್ಟಿನ ಮೇಲಿನ ಆ ಸಣ್ಣ ಪೆಟ್ಟಿಗೆ ವರ್ಷವಿಡೀ ತಡೆದುಕೊಳ್ಳಬೇಕು. ಹೀಗಿದ್ದರೂ ಅಂಗಡಿಯಲ್ಲಿ ನಾವು ಮೊದಲು ನೋಡುವುದು ಡಯಲಿನ ಅಂದವನ್ನು, ಆಮೇಲೆ ಬೆಲೆಯನ್ನು. ನೀರಿನ ಬಗ್ಗೆ ಕೇಳುವುದು ಹಣ ಕೊಟ್ಟಾದ ಮೇಲೆ. ಈ ಬರಹದಲ್ಲಿ ಹೇಳಿರುವ ಕ್ರಮ ಅದಕ್ಕೆ ತದ್ವಿರುದ್ಧವಾದುದು. ನಿಮ್ಮ ದಿನದಲ್ಲಿ ಅತಿ ಹೆಚ್ಚು ಒದ್ದೆಯಾಗುವ, ಅತಿ ಒರಟಾದ ಕೆಲಸ ನಡೆಯುವ ಗಂಟೆ ಯಾವುದೋ ಅದಕ್ಕೆ ತಕ್ಕ ವಾಚನ್ನು ಆರಿಸಿದರೆ ಉಳಿದ ಗಂಟೆಗಳಿಗೆ ಅದು ತಾನಾಗಿಯೇ ಸಾಕಾಗುತ್ತದೆ.

ಮೊದಲ ಹಂತ: ಕೈ ಏನು ಮಾಡುತ್ತದೆ ಎಂದು ಬರೆದಿಡಿ

ಸಾಮಾನ್ಯವಾದ ಒಂದು ವಾರದಲ್ಲಿ ನಿಮ್ಮ ಕೈ ಏನೇನು ಮಾಡುತ್ತದೆ ಎಂಬುದನ್ನು ಒಂದು ಕಾಗದದಲ್ಲಿ ಪಟ್ಟಿ ಮಾಡಿ. ‘ವ್ಯಾಯಾಮ’ ಎಂದು ಒಂದೇ ಮಾತಿನಲ್ಲಿ ಬರೆದು ಮುಗಿಸಬೇಡಿ. ಬೆಳಗ್ಗೆ ರಸ್ತೆ ಬದಿಯಲ್ಲಿ ನಡೆಯುವುದು, ಬೇಕಲದ ಕಡಲತೀರದಲ್ಲಿ ಓಡುವುದು, ರಜೆಯಲ್ಲಿ ಪೊಸಡಿಗುಂಪೆ ಅಥವಾ ರಾಣಿಪುರಂ ಹತ್ತುವುದು, ಕೆರೆಯಲ್ಲಿ ಈಜುವುದು, ತೋಟದಲ್ಲಿ ಹಾರೆ ಹಿಡಿಯುವುದು, ದೋಟಿಯಲ್ಲಿ ಅಡಕೆ ಕೊಯ್ಯುವುದು, ಇವು ಒಂದೊಂದೂ ವಾಚಿನಿಂದ ಬೇರೆ ಬೇರೆ ಗುಣಗಳನ್ನು ಕೇಳುತ್ತವೆ. ಪ್ರತಿಯೊಂದರ ಮುಂದೆ ಕೈ ಎಷ್ಟು ಒದ್ದೆಯಾಗುತ್ತದೆ, ಪೆಟ್ಟು ತಗಲುವ ಸಂಭವ ಎಷ್ಟು, ಆ ಹೊತ್ತಿನಲ್ಲಿ ಸಮಯ ನೋಡುವ ಅಗತ್ಯ ನಿಜವಾಗಿಯೂ ಇದೆಯೇ ಎಂಬ ಮೂರು ಸಂಗತಿಗಳನ್ನು ಬರೆಯಿರಿ.

ಮೂರನೆಯ ಪ್ರಶ್ನೆಯನ್ನು ಹಗುರವಾಗಿ ಎಣಿಸಬೇಡಿ. ವಾಚು ಕಟ್ಟಲೇಬಾರದ ಕೆಲಸಗಳಿವೆ. ಕಬಡ್ಡಿಯ ಹಿಡಿತದಲ್ಲಿ ವಾಚಿನ ಅಂಚು ಇನ್ನೊಬ್ಬರ ಮುಖವನ್ನು ಸೀಳಬಹುದು; ಗಾಯ ಉಂಟುಮಾಡಬಹುದಾದ ವಸ್ತುಗಳನ್ನು ಧರಿಸಬಾರದೆಂದು ವಾಲಿಬಾಲ್ ನಿಯಮದಲ್ಲಿಯೇ ಇದೆ. ಕಾಲಿಗೆ ತಳೆ ಎಂಬ ಹಗ್ಗದ ಕುಣಿಕೆ ಹಾಕಿ ಅಡಕೆ ಮರ ಹತ್ತುವವರು, ಅಡಕೆ ಸುಲಿಯುವ ಯಂತ್ರದ ಮುಂದೆ ನಿಲ್ಲುವವರು, ಪಂಪು ಶೆಡ್ಡಿನಲ್ಲಿ ವಿದ್ಯುತ್ ತಂತಿ ಮುಟ್ಟುವವರು ವಾಚನ್ನು ಬಿಚ್ಚಿಡಬೇಕು. ಲೋಹದ ಚೈನಂತೂ ಈ ಕೊನೆಯ ಎರಡು ಕೆಲಸಗಳಲ್ಲಿ ನೇರ ಅಪಾಯ. ಇಂತಹ ಕೆಲಸಗಳನ್ನು ಪಟ್ಟಿಯಿಂದ ಹೊಡೆದುಹಾಕಿದ ಮೇಲೆ ಉಳಿಯುವ ಕೆಲಸಗಳಿಗಾಗಿ ಮಾತ್ರ ವಾಚನ್ನು ಹುಡುಕಿರಿ.

ಎರಡನೆಯ ಹಂತ: ನೀರಿನ ಲೆಕ್ಕ

ವಾಚಿನ ಹಿಂಬದಿಯಲ್ಲಿ 30 ಮೀಟರ್, 3 ಬಾರ್ ಅಥವಾ 3 ಎಟಿಎಂ ಎಂದು ಬರೆದಿರುವುದನ್ನು ಕಂಡು ಅದನ್ನು ಕಟ್ಟಿಕೊಂಡು ಕೆರೆಗೆ ಹಾರುವವರಿದ್ದಾರೆ. ಬಾರ್, ಎಟಿಎಂ ಎರಡೂ ಒತ್ತಡದ ಅಳತೆಗಳು, ಹೆಚ್ಚುಕಡಿಮೆ ಒಂದೇ. ಈ ಅಂಕಿಯ ಅರ್ಥ ಮುಳುಗಬಹುದಾದ ಆಳ ಎಂದಲ್ಲ. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು 1 ಬಾರ್ ಒತ್ತಡ ಹೆಚ್ಚುತ್ತದೆ. ಹೊಚ್ಚಹೊಸ ವಾಚಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಅಲುಗಾಡದಂತೆ ಇಟ್ಟು, ಸ್ವಲ್ಪ ಹೊತ್ತು ಅಷ್ಟು ಒತ್ತಡ ಕೊಟ್ಟಾಗ ಅದು ತಾಳಿಕೊಂಡಿತು ಎಂಬುದಷ್ಟೇ ಆ ಬರಹದ ಭರವಸೆ. ಸಾಮಾನ್ಯ ಜಲನಿರೋಧಕ ವಾಚುಗಳಿಗೆ ಇರುವ ಅಂತರರಾಷ್ಟ್ರೀಯ ಮಾನದಂಡ 2010ರಲ್ಲಿ ಬಂದ ಐಎಸ್‌ಒ 22810. ಮುಳುಗುಗಾರರ ವಾಚುಗಳಿಗೆ ಐಎಸ್‌ಒ 6425 ಎಂಬ ಬೇರೆಯೇ ಮಾನದಂಡವಿದ್ದು, ಅದರ ಪ್ರಕಾರ ಕನಿಷ್ಠ 100 ಮೀಟರ್ ತಾಳಿಕೆ ಇರಬೇಕು ಮತ್ತು ಒಂದೊಂದು ವಾಚನ್ನೂ ಬೇರೆಯಾಗಿ ಪರೀಕ್ಷಿಸಬೇಕು.

ನೀರನ್ನು ಹೊರಗೆ ತಡೆದು ನಿಲ್ಲಿಸುವುದು ಹಿಂಬದಿಯ ಮುಚ್ಚಳದಲ್ಲೂ ಪಕ್ಕದ ತಿರುಗುಗುಂಡಿಯ ಬುಡದಲ್ಲೂ ಇರುವ ಸಣ್ಣ ರಬ್ಬರ್ ವಾಷರ್‌ಗಳು. ಬಿಸಿ, ಸಾಬೂನು, ಉಪ್ಪು, ವಯಸ್ಸು ಇವುಗಳಿಂದ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ. ಆದುದರಿಂದ ಹಂಡೆಯ ಬಿಸಿನೀರಿನಲ್ಲಿ ಸಾಬೂನು ಹಚ್ಚಿ ಮೀಯುವಾಗ ವಾಚು ಕೈಯಲ್ಲಿರಬಾರದು, ಹಿಂಬದಿಯ ಅಂಕಿ ಎಷ್ಟೇ ದೊಡ್ಡದಿದ್ದರೂ. ಹಬೆ ನೀರಿಗಿಂತ ಸುಲಭವಾಗಿ ಒಳನುಗ್ಗುತ್ತದೆ. ಬಿಸಿಯಾದ ವಾಚು ಒಮ್ಮೆಲೇ ತಣಿದಾಗ ಒಳಗಿನ ತೇವ ಗ್ಲಾಸಿನ ಅಡಿಯಲ್ಲಿ ಮಂಜಾಗಿ ಕೂರುತ್ತದೆ. ಆ ಮಂಜು ಕಾಣಿಸಿದ ದಿನವೇ ವಾಚನ್ನು ರಿಪೇರಿಯವರ ಬಳಿ ಒಯ್ಯಿರಿ. ಬಿಸಿಲಿಗಿಟ್ಟಾಗ ಮಂಜು ಮಾಯವಾಗುವುದು ನಿಜ, ಆದರೆ ತೇವ ಹೊರಗೆ ಹೋಗಿರುವುದಿಲ್ಲ. ಒಳಗೇ ಉಳಿದು ಯಂತ್ರಕ್ಕೆ ತುಕ್ಕು ಹಿಡಿಸುತ್ತದೆ.

ನಮ್ಮ ಊರಿನ ಬಳಕೆಗೆ ನಾನು ಹೀಗೆ ಸಲಹೆ ಕೊಡುತ್ತೇನೆ. ಕೊಡೆ ಹಿಡಿದು ನಡೆಯುವವರಿಗೂ ಕೈತೊಳೆಯುವುದಷ್ಟೇ ನೀರಿನ ಸಂಪರ್ಕವಾಗಿರುವವರಿಗೂ 5 ಬಾರ್ ಸಾಕು. 3 ಬಾರ್‌ನದ್ದು ಸಮಾರಂಭಗಳಿಗೆ ಸರಿ, ನಮ್ಮ ಆಟಿ ತಿಂಗಳ ಮಳೆಗೆ ಸಾಲದು. ತೋಟದಲ್ಲಿ ಮಳೆಗೆ ನೆನೆಯುವವರು, ಕೆರೆಯಲ್ಲಿ ಈಜುವವರು 10 ಬಾರ್‌ಗಿಂತ ಕಡಿಮೆಯದನ್ನು ಕೊಳ್ಳಬಾರದು. ಕಡಲಿನಲ್ಲಿ ಈಜುವ ಅಭ್ಯಾಸವಿದ್ದರೆ, ಅಂಗಡಿಯವರು ಕ್ರೌನ್ ಎಂದು ಕರೆಯುವ ತಿರುಗುಗುಂಡಿ ತಿರುಪಿನಂತೆ ಬಿಗಿಯಾಗುವ, 20 ಬಾರ್‌ನ ವಾಚು ಉತ್ತಮ. ಯಾವ ವಾಚೇ ಆಗಲಿ, ಕ್ರೌನ್ ಹೊರಗೆ ಎಳೆದ ಸ್ಥಿತಿಯಲ್ಲಿದ್ದರೆ ಹಿಂಬದಿಯ ಅಂಕಿಗೆ ಬೆಲೆಯಿಲ್ಲ. ನೀರಿನೊಳಗೆ ಗುಂಡಿಗಳನ್ನು ಒತ್ತಬಾರದು.

ಸ್ಮಾರ್ಟ್ ವಾಚುಗಳ ಪೆಟ್ಟಿಗೆಯ ಮೇಲೆ ಕಾಣುವ ಐಪಿ67, ಐಪಿ68 ಎಂಬ ಗುರುತುಗಳು ಬೇರೆ ಲೆಕ್ಕದವು. ಐಪಿ67 ಎಂದರೆ 1 ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟರೂ ಹಾನಿಯಾಗದು ಎಂದು. ಐಪಿ68 ಎಂದರೆ ತಯಾರಕರೇ ಹೇಳಿದ, ಅದಕ್ಕಿಂತ ಕಠಿಣವಾದ ಸ್ಥಿತಿಯಲ್ಲಿ ಮುಳುಗಿಸಬಹುದು ಎಂದು. ಪೈಪಿನಿಂದ ರಭಸವಾಗಿ ಚಿಮ್ಮುವ ನೀರಿನ ಬಗ್ಗೆ ಈ ಎರಡು ಗುರುತುಗಳೂ ಏನನ್ನೂ ಹೇಳುವುದಿಲ್ಲ. ತೋಟಕ್ಕೆ ನೀರು ಹಾಯಿಸುವವರು, ವಾಹನ ತೊಳೆಯುವವರು ಇದನ್ನು ನೆನಪಿಡಬೇಕು. ಈಜಿಗೆಂದು ಸ್ಮಾರ್ಟ್ ವಾಚು ಕೊಳ್ಳುವುದಾದರೆ ಐಪಿ ಗುರುತಿನ ಜೊತೆಗೆ, ಮೇಲೆ ಹೇಳಿದಂತೆ, 10 ಎಟಿಎಂ ಎಂದೂ ಬರೆದಿದೆಯೇ ನೋಡಿ.

ಮೂರನೆಯ ಹಂತ: ಕವಚ ಮತ್ತು ಗ್ಲಾಸು

ಕಡಿಮೆ ಬೆಲೆಯ ಲೋಹದ ವಾಚುಗಳ ಕವಚ ಹೆಚ್ಚಾಗಿ ಹಿತ್ತಾಳೆ ಅಥವಾ ಸತುವಿನ ಮಿಶ್ರಲೋಹ. ಮೇಲೆ ತೆಳುವಾದ ಲೇಪನವಿರುತ್ತದೆ. ಬೆವರಿನ ಉಪ್ಪು ಮೊದಲು ಹಿಂಬದಿಯ ಅಂಚಿನಲ್ಲಿ ಆ ಲೇಪನವನ್ನು ಎಬ್ಬಿಸುತ್ತದೆ. ಒಂದು ಮಳೆಗಾಲ ಕಳೆದ ಇಂತಹ ವಾಚನ್ನು ಮಗುಚಿ, ಮುಚ್ಚಳ ಮತ್ತು ಕವಚ ಕೂಡುವ ಸಂದಿಯನ್ನು ಹಲ್ಲುಕಡ್ಡಿಯಿಂದ ಮೆಲ್ಲನೆ ಕೆರೆದು ನೋಡಿ. ಬೆವರು, ಸಾಬೂನು, ಮುರಕಲ್ಲಿನ ಹುಡಿ ಕಲೆತು ಕಪ್ಪಾದ ಒಂದು ಕೊಳೆ ಬರುತ್ತದೆ. ಅದರ ಅಡಿಯಲ್ಲಿ ಲೋಹ ಹಸಿರುಗಟ್ಟಿ ಸಣ್ಣ ಸಣ್ಣ ಗುಳಿ ಬಿದ್ದಿರುತ್ತದೆ. ಚರ್ಮ ತುರಿಸಲು ಆರಂಭವಾಗುವುದೂ ಆ ಜಾಗದಲ್ಲೇ. ನಿಕ್ಕಲ್ ಒಗ್ಗದವರಿಗೆ ಈ ತುರಿಕೆ ಇನ್ನೂ ಹೆಚ್ಚು.

ಮದ್ದು ಬಿಡುವವರಿಗೆ ಇನ್ನೊಂದು ಮಾತು. ಅಡಕೆಯ ಕೊಳೆರೋಗಕ್ಕೆ ಬಿಡುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಇರುತ್ತದೆ. ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಉಜ್ಜಿ ಹೊಳೆಯಿಸಿದ ಕತ್ತಿಯ ಅಲಗನ್ನು ಅದ್ದಿ ನೋಡುವ ಕ್ರಮ ನಮ್ಮಲ್ಲಿದೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದರ್ಥ. ಕಬ್ಬಿಣದ ಮೇಲೆ ಹೀಗೆ ಕೆಲಸ ಮಾಡುವ ಮೈಲುತುತ್ತು ಬಕಲಿನ ಪಿನ್ನನ್ನಾಗಲಿ ಲೇಪನ ಎದ್ದ ಕವಚವನ್ನಾಗಲಿ ಸುಮ್ಮನೆ ಬಿಡುವುದಿಲ್ಲ. ದ್ರಾವಣ ಕಲಸುವಾಗ ವಾಚು ಮನೆಯಲ್ಲಿರಲಿ. ಕಟ್ಟಲೇಬೇಕಾದರೆ ಪೂರ್ತಿಯಾಗಿ ರೆಸಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಿಂದ ಮಾಡಿದ ಕವಚದ ವಾಚು ಕಟ್ಟಿ, ಕೆಲಸ ಮುಗಿದ ಕೂಡಲೇ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಸೊಳ್ಳೆಗೆಂದು ಹಚ್ಚುವ ಮುಲಾಮುಗಳಲ್ಲಿ ಡೀಟ್ ಎಂಬ ರಾಸಾಯನಿಕವಿದ್ದರೆ ಅದು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಮಂಕಾಗಿಸುತ್ತದೆ. ಮುಲಾಮು ಹಚ್ಚಿದ ಕೈ ಒಣಗಿದ ಮೇಲೆ ವಾಚು ಕಟ್ಟಿ.

ಲೋಹವೇ ಬೇಕೆನ್ನುವವರು 316ಎಲ್ ದರ್ಜೆಯ ಸ್ಟೀಲನ್ನು ಕೇಳಿ ಪಡೆಯಿರಿ. ಅದರಲ್ಲಿರುವ ಮಾಲಿಬ್ಡಿನಂ ಉಪ್ಪಿನ ಕೊರೆತವನ್ನು ಚೆನ್ನಾಗಿ ತಡೆಯುತ್ತದೆ. ಟೈಟಾನಿಯಂ ಅದಕ್ಕಿಂತ ಹಗುರ, ಚರ್ಮಕ್ಕೂ ಹಿತ, ಆದರೆ ಬೆಲೆ ಹೆಚ್ಚು. ತೋಟ, ಓಟ, ಚಾರಣ ಎಲ್ಲಕ್ಕೂ ಒಂದೇ ವಾಚು ಸಾಕೆನ್ನುವವರಿಗೆ ರೆಸಿನ್ ಕವಚವೇ ಲೇಸು ಎಂಬುದು ನನ್ನ ದೃಢವಾದ ಅಭಿಪ್ರಾಯ. ಜಪಾನಿನ ಕ್ಯಾಸಿಯೋ ಸಂಸ್ಥೆಯ ಎಂಜಿನಿಯರ್ ಕಿಕುಓ ಇಬೆ 10 ಮೀಟರ್ ಎತ್ತರದಿಂದ ಬಿದ್ದರೂ ಒಡೆಯಬಾರದು ಎಂಬ ಗುರಿಯಿಟ್ಟುಕೊಂಡು ರೂಪಿಸಿದ ಜಿ-ಶಾಕ್ 1983ರಲ್ಲಿ ಮಾರುಕಟ್ಟೆಗೆ ಬಂದಿತು. ಪೆಟ್ಟನ್ನು ಹೀರಿಕೊಳ್ಳುವ ಮೆತ್ತನೆಯ ಹೊರಕವಚ ಇಂದು ಅನೇಕ ಕಂಪೆನಿಗಳ ಅಗ್ಗದ ವಾಚುಗಳಲ್ಲೂ ಸಿಗುತ್ತದೆ. ‘ಶಾಕ್ ರೆಸಿಸ್ಟೆಂಟ್’ ಎಂದಷ್ಟೇ ಬರೆದಿದ್ದರೆ ಅತಿಯಾಗಿ ನಂಬಬೇಡಿ. ಅದಕ್ಕಿರುವ ಐಎಸ್‌ಒ 1413 ಮಾನದಂಡ 1 ಮೀಟರ್ ಎತ್ತರದಿಂದ ಗಟ್ಟಿಮರದ ನೆಲಕ್ಕೆ ಬೀಳುವಷ್ಟು ಪೆಟ್ಟನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಗ್ಲಾಸಿನಲ್ಲಿ ಮೂರು ಬಗೆ. ಅಕ್ರಿಲಿಕ್ ಸುಲಭವಾಗಿ ಗೀರು ಬೀಳುತ್ತದೆ, ಆದರೆ ಚೂರಾಗುವುದಿಲ್ಲ, ಗೀರನ್ನು ಉಜ್ಜಿ ತೆಗೆಯಲೂಬಹುದು. ಮಿನರಲ್ ಗ್ಲಾಸು ನಡುವಿನದು. ಸಫೈರ್ ಗಡಸುತನದ ಮೋಸ್ ಅಳತೆಯಲ್ಲಿ 9ರಷ್ಟಿದ್ದು ಗೀರು ಬೀಳುವುದು ಅಪರೂಪ, ಆದರೆ ಜೋರಾದ ಪೆಟ್ಟಿಗೆ ಒಡೆಯಬಹುದು. ಕಡಲತೀರದ ಮರಳಿನ ಗಡಸುತನ ಸುಮಾರು 7. ಆದುದರಿಂದ ಮರಳು ಮೆತ್ತಿದ ಮಿನರಲ್ ಗ್ಲಾಸನ್ನು ಅಂಗಿಯ ತುದಿಯಿಂದ ಒರಸಿದರೆ ಗೀರು ಖಂಡಿತ. ಮೊದಲು ನೀರು ಹೊಯ್ದು ಮರಳನ್ನು ಕಳೆಯಬೇಕು. ಗ್ಲಾಸಿಗಿಂತ ಅಂಚು ತುಸು ಎತ್ತರವಿರುವ ವಾಚನ್ನು ಆರಿಸಿದರೆ ಅರ್ಧ ಚಿಂತೆ ಕಳೆಯುತ್ತದೆ.

ನಾಲ್ಕನೆಯ ಹಂತ: ಅಳತೆ

ಮಣಿಕಟ್ಟಿನ ಸುತ್ತ ಒಂದು ನೂಲು ಸುತ್ತಿ ಅದನ್ನು ಸ್ಕೇಲಿನಲ್ಲಿ ಅಳೆಯಿರಿ. ಜೊತೆಗೆ ಮಣಿಕಟ್ಟಿನ ಮೇಲ್ಭಾಗದ ಅಗಲವನ್ನೂ ಅಳೆಯಿರಿ. ಹೆಚ್ಚಿನವರು ಡಯಲಿನ ವ್ಯಾಸವನ್ನು ಮಾತ್ರ ನೋಡುತ್ತಾರೆ. ಅದಕ್ಕಿಂತ ಮುಖ್ಯವಾದುದು ಬೆಲ್ಟ್ ಸಿಕ್ಕಿಸುವ ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ಉದ್ದ. ಈ ಉದ್ದ ಮಣಿಕಟ್ಟಿನ ಅಗಲವನ್ನು ಮೀರಿದರೆ ಓಡುವಾಗ ವಾಚು ಎಗರಾಡುತ್ತದೆ, ಬಾಗಿಲಿನ ದಾರಂದಕ್ಕೆ ತಾಗುತ್ತದೆ.

ಹಾರೆ ಹಿಡಿಯುವವರೂ ದಂಡ ಹೊಡೆಯುವವರೂ ಅಂಗಡಿಯಲ್ಲೇ ವಾಚು ಕಟ್ಟಿ ಅಂಗೈಯನ್ನು ಗಾಜಿನ ಮೇಜಿನ ಮೇಲೆ ಊರಿ ನೋಡಬೇಕು. ಮಣಿಕಟ್ಟು ಹಿಂದಕ್ಕೆ ಬಾಗಿದಾಗ ಕ್ರೌನ್ ಹಿಂಗೈಗೆ ಒತ್ತುತ್ತಿದ್ದರೆ ಒಂದೆರಡು ವಾರದಲ್ಲಿ ಅಲ್ಲಿ ಚರ್ಮ ಕಪ್ಪಗಾಗಿ ನೋಯತೊಡಗುತ್ತದೆ. ಕ್ರೌನ್ ಇಲ್ಲದ ಡಿಜಿಟಲ್ ವಾಚು ಅಥವಾ ಅದು ಎಡಬದಿಗೆ ಇರುವ ವಾಚು ಇದಕ್ಕೆ ಪರಿಹಾರ. ಕೈ ಮೇಲೆತ್ತಿ ದೋಟಿ ಹಿಡಿಯುವವರಿಗೆ ತೂಕ ಬಹಳ ಮುಖ್ಯ: ಕ್ಯಾಸಿಯೋದ ಎಫ್-91ಡಬ್ಲ್ಯೂ ಎಂಬ ಹಳೆಯ ಡಿಜಿಟಲ್ ಮಾದರಿ ಸುಮಾರು 21 ಗ್ರಾಂ ತೂಗಿದರೆ, ಸ್ಟೀಲ್ ಚೈನಿರುವ ಮುಳುಗುಗಾರರ ವಾಚು 150 ಗ್ರಾಂ ದಾಟುವುದುಂಟು. ಆದರೆ ಎಫ್-91ಡಬ್ಲ್ಯೂ ಈಜಿಗೆ ತಕ್ಕುದಲ್ಲ; ಅಷ್ಟೇ ಸರಳವಾದ, 10 ಬಾರ್‌ನ ಡಿಜಿಟಲ್ ವಾಚುಗಳು ಕೆಲವೇ ಸಾವಿರ ರೂಪಾಯಿಗೆ ಸಿಗುತ್ತವೆ.

ಐದನೆಯ ಹಂತ: ಬೆಲ್ಟ್

ಚರ್ಮದ ಬೆಲ್ಟ್ ಬೇಡ. ಬೆವರು ಕುಡಿದು ನಾರುತ್ತದೆ, ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ, ತೆಂಗಿನೆಣ್ಣೆ ಹಚ್ಚಿದ ಕೈಗೆ ಕಟ್ಟಿದರೆ ಎಣ್ಣೆಯನ್ನೂ ಹೀರಿ ಕಪ್ಪಾಗುತ್ತದೆ. ಸಿಲಿಕೋನ್ ಬೆಲ್ಟ್ ಮೃದು, ತೊಳೆಯಲು ಸುಲಭ. ಆದರೆ ಗಾಳಿ ಆಡಗೊಡದ ಕಾರಣ ಅದರಡಿಯಲ್ಲಿ ಬೆವರು ನಿಂತು ಗುಳ್ಳೆಗಳೇಳುತ್ತವೆ. ಒಳಮೈಯಲ್ಲಿ ಗೆರೆ ಅಥವಾ ತೂತುಗಳಿರುವುದನ್ನು ಆರಿಸಿ. ನೈಲಾನ್ ಬೆಲ್ಟ್ ಹಗುರ ಮತ್ತು ಬೇಗ ಒಣಗುತ್ತದೆ, ಹಸಿ ಅಡಕೆಯ ಕರೆ ಹತ್ತಿದರೆ ಮಾತ್ರ ಹೋಗದು, ಆದುದರಿಂದ ಕಪ್ಪು ಬಣ್ಣದ್ದೇ ಇರಲಿ. ವಾಚಿನ ಎರಡೂ ಪಿನ್ನುಗಳ ಅಡಿಯಿಂದ ಹಾದುಹೋಗುವ ಒಂದೇ ಉದ್ದದ ನೈಲಾನ್ ಪಟ್ಟಿಯಲ್ಲಿ ಇನ್ನೊಂದು ಅನುಕೂಲವಿದೆ. ಒಂದು ಪಿನ್ನು ಮುರಿದರೂ ಇನ್ನೊಂದರ ಆಸರೆಯಲ್ಲಿ ವಾಚು ಕೈಯಲ್ಲೇ ಉಳಿಯುತ್ತದೆ; ಹೊಳೆ ದಾಟುವಾಗ, ಗುಡ್ಡ ಹತ್ತುವಾಗ ಇದರ ಬೆಲೆ ಗೊತ್ತಾಗುತ್ತದೆ. ಬೆಲ್ಟಿನ ಅಗಲ 18, 20 ಅಥವಾ 22 ಮಿಲಿಮೀಟರ್ ಇದ್ದರೆ ಬದಲಿ ಎಲ್ಲೆಡೆ ಸಿಗುತ್ತದೆ. ಆ ಕಂಪೆನಿಯದೇ ಬೆಲ್ಟ್ ಬೇಕಾಗುವ ವಿಶೇಷ ಜೋಡಣೆಯ ವಾಚಾದರೆ ಬೆಲ್ಟ್ ಹರಿದಾಗ ಮಂಗಳೂರಿನವರೆಗೆ ಹುಡುಕಿಕೊಂಡು ಹೋಗಬೇಕಾದೀತು.

ಆರನೆಯ ಹಂತ: ಒಳಗಿನ ಯಂತ್ರ

ಇಲ್ಲಿ ಹೆಚ್ಚು ಯೋಚಿಸಬೇಕಾಗಿಲ್ಲ. ದೇಹಶ್ರಮಕ್ಕೆ ಕ್ವಾರ್ಟ್ಸ್ ವಾಚೇ ಸರಿ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳಿನಿಂದ ನಡೆಯುವ ಅದು ತಿಂಗಳಿಗೆ ಹೆಚ್ಚೆಂದರೆ 15ರಿಂದ 20 ಸೆಕೆಂಡು ಹಿಂದುಮುಂದಾದೀತು. ಕೀ ಕೊಡುವ ಅಥವಾ ತಾನಾಗಿ ಕೀ ಸುತ್ತಿಕೊಳ್ಳುವ ಯಾಂತ್ರಿಕ ವಾಚಿನಲ್ಲಿ ನವಿರಾದ ತಂತಿಸುರುಳಿ, ತೂಗುಚಕ್ರ ಮೊದಲಾದವು ಇರುವುದರಿಂದ ಹುಲ್ಲು ಕತ್ತರಿಸುವ ಯಂತ್ರದ ಸತತ ನಡುಕ, ಹಾರೆಯ ಪೆಟ್ಟು ಅದಕ್ಕೆ ಆಗಿಬರುವುದಿಲ್ಲ. 1961ರಲ್ಲಿ ಬೆಂಗಳೂರಿನಲ್ಲಿ ಸಿಟಿಜನ್ ಕಂಪೆನಿಯ ಸಹಯೋಗದೊಂದಿಗೆ ಆರಂಭವಾದ ಎಚ್‌ಎಂಟಿ ಕಾರ್ಖಾನೆಯ ವಾಚುಗಳು ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಂದಿರ ನೆನಪಾಗಿ ಉಳಿದಿವೆ. ಅವನ್ನು ಪೂಜೆಗೆ, ಮದುವೆಗೆ ಕಟ್ಟಿಕೊಳ್ಳಿ, ತೋಟಕ್ಕೆ ಒಯ್ಯಬೇಡಿ.

ಬೆಳಕಿನಿಂದ ಚಾರ್ಜ್ ಆಗುವ ಸೋಲಾರ್ ವಾಚು ನಮ್ಮಂಥವರಿಗೆ ಬಹಳ ಉಪಯುಕ್ತ. ಸೆಲ್ಲು ಬದಲಿಸಲೆಂದು ಪದೇ ಪದೇ ಹಿಂಬದಿ ಬಿಚ್ಚಬೇಕಾಗಿಲ್ಲದಿರುವುದರಿಂದ ವಾಷರ್‌ಗಳೂ ಕದಡದೆ ಉಳಿಯುತ್ತವೆ. ಮೋಡ ಕವಿದ ದಿನಗಳಲ್ಲಿ, ಮಳೆಯಂಗಿಯ ತೋಳಿನಡಿಯಲ್ಲಿ ಅದಕ್ಕೆ ಬೆಳಕು ಸಾಲದಾಗಬಹುದು, ಆದುದರಿಂದ ರಾತ್ರಿ ಬಿಚ್ಚಿದ್ದನ್ನು ಕಿಟಕಿಯ ಬಳಿ ಡಯಲ್ ಮೇಲಾಗಿ ಇಡುವ ಅಭ್ಯಾಸ ಮಾಡಿಕೊಳ್ಳಿ.

ಏಳನೆಯ ಹಂತ: ಸ್ಮಾರ್ಟ್ ವಾಚು ಬೇಕೇ?

ನಿಯಮಿತವಾಗಿ ಓಡುವವರಿಗೆ, ಸೈಕಲ್ ತುಳಿಯುವವರಿಗೆ ದೂರ, ವೇಗ, ನಾಡಿಬಡಿತ ತಿಳಿಯುವುದರಿಂದ ಪ್ರಯೋಜನವಿದೆ. ಆದರೆ ಅದು ಹೇಗೆ ಅಳೆಯುತ್ತದೆ ಎಂಬುದನ್ನು ತಿಳಿದು ಕೊಳ್ಳಬೇಕು. ಹಿಂಬದಿಯ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಹಾಯಿಸುತ್ತದೆ. ರಕ್ತ ಹಸಿರು ಬೆಳಕನ್ನು ಹೀರುವುದರಿಂದ ಪ್ರತಿ ಬಡಿತಕ್ಕೂ ಮರಳುವ ಬೆಳಕು ಏರಿಳಿಯುತ್ತದೆ, ಅದರಿಂದ ನಾಡಿಯ ಲೆಕ್ಕ ಸಿಗುತ್ತದೆ. ವಾಚು ಸಡಿಲವಾಗಿದ್ದರೆ, ಕೈ ಬಿಗಿಯಾಗಿ ಏನನ್ನಾದರೂ ಹಿಡಿದಿದ್ದರೆ ಈ ಲೆಕ್ಕ ತಪ್ಪುತ್ತದೆ. ಮಣಿಕಟ್ಟಿನ ಮೂಳೆಗಿಂತ ಒಂದೆರಡು ಬೆರಳು ಮೇಲಕ್ಕೆ, ಜಾರದಷ್ಟು ಬಿಗಿಯಾಗಿ ಕಟ್ಟಿದರೆ ನಡಿಗೆ ಮತ್ತು ಓಟದಲ್ಲಿ ಸಾಕಷ್ಟು ಸರಿಯಾದ ಅಂಕಿ ಬರುತ್ತದೆ. ಹಾರೆಯ ಕೆಲಸದಲ್ಲೋ ಭಾರ ಎತ್ತುವಾಗಲೋ ಬರುವ ಅಂಕಿಯನ್ನು ನಂಬಬೇಡಿ. ಎದೆಗೆ ಕಟ್ಟುವ ಪಟ್ಟಿ ಅಲ್ಲಿ ಹೆಚ್ಚು ನಿಖರ. ಹೃದಯದ ತೊಂದರೆ ಇರುವವರು ವೈದ್ಯರ ಮಾತಿನಂತೆ ನಡೆಯಬೇಕೇ ಹೊರತು ವಾಚಿನ ಅಂಕಿಯಂತೆ ಅಲ್ಲ.

ಹೆಜ್ಜೆಯ ಎಣಿಕೆ ಕೈಯ ಬೀಸನ್ನು ಆಧರಿಸಿದ್ದು. ತಲೆಹೊರೆ ಹೊತ್ತು ಕೈ ಮೇಲೆತ್ತಿ ನಡೆದರೆ, ಕೈಗಾಡಿ ತಳ್ಳಿದರೆ ಹೆಜ್ಜೆಗಳು ತಪ್ಪಿಹೋಗುತ್ತವೆ; ಹೊಂಡ ಬಿದ್ದ ರಸ್ತೆಯಲ್ಲಿ ಬೈಕ್ ಓಡಿಸಿದರೆ ನಡೆಯದ ಹೆಜ್ಜೆಗಳು ಸೇರಿಕೊಳ್ಳುವುದೂ ಉಂಟು. ದಿನಕ್ಕೆ 10,000 ಹೆಜ್ಜೆ ಎಂಬ ಗುರಿ ಹುಟ್ಟಿದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಮಾಪಕದ ಪ್ರಚಾರದಿಂದ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು, ಅದನ್ನು ಯಾವ ಸಾದಾ ವಾಚಿನಲ್ಲೂ ನೋಡಿಕೊಳ್ಳಬಹುದು.

ದಟ್ಟವಾದ ತೋಟದ ಸೋಗೆಗಳಡಿಯಲ್ಲಿ ಜಿಪಿಎಸ್ ದಾರಿ ಅಂಕುಡೊಂಕಾಗಿ ಕಾಣುತ್ತದೆ, ಸುರಂಗದೊಳಗೆ ಸಂಕೇತವೇ ಇರದು. ಜಿಪಿಎಸ್ ಚಾಲೂ ಇಟ್ಟರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಕೊಳ್ಳುವಾಗ ‘ಇಷ್ಟು ದಿನ ಬಾಳಿಕೆ’ ಎಂಬ ದೊಡ್ಡ ಅಕ್ಷರದ ಬದಲು ಜಿಪಿಎಸ್ ಜೊತೆ ಎಷ್ಟು ಗಂಟೆ ಎಂದು ಕೇಳಿ. ಒದ್ದೆ ಬೆರಳಿಗೆ ಸ್ಪರ್ಶಪರದೆ ಸರಿಯಾಗಿ ಸ್ಪಂದಿಸದು, ಆದುದರಿಂದ ಗುಂಡಿಗಳಿರುವ ಮಾದರಿಯೇ ಮಳೆಗಾಲಕ್ಕೆ ಅನುಕೂಲ. ಕೆಲವು ವರ್ಷಗಳಲ್ಲಿ ಬ್ಯಾಟರಿ ಸೊರಗುತ್ತದೆ, ಅದನ್ನು ಬದಲಿಸುವುದು ಊರಿನ ವಾಚು ರಿಪೇರಿಯವರಿಗೆ ಸಾಮಾನ್ಯವಾಗಿ ಸಾಧ್ಯವಾಗದು ಎಂಬುದನ್ನೂ ಬೆಲೆಯ ಲೆಕ್ಕಕ್ಕೆ ಸೇರಿಸಿ.

ಎಂಟನೆಯ ಹಂತ: ಅಂಗಡಿಯಲ್ಲಿ

ವಾಚನ್ನು ಹೊರಗೆ ಬಿಸಿಲಿಗೆ ಒಯ್ದು, ಕೈ ಬೀಸುತ್ತಾ ನಡೆದು, ಒಂದೇ ನೋಟಕ್ಕೆ ಸಮಯ ತಿಳಿಯುತ್ತದೆಯೇ ನೋಡಿ. ಬಳಿಕ ಅಂಗೈಯ ಮರೆಯಲ್ಲಿ ಕತ್ತಲು ಮಾಡಿ ದೀಪ ಅಥವಾ ಹೊಳೆಯುವ ಮುಳ್ಳುಗಳನ್ನು ಪರೀಕ್ಷಿಸಿ. ನಸುಕಿನಲ್ಲಿ ನಡೆಯುವವರಿಗೆ ಇದು ಬೇಕೇ ಬೇಕು. ಬೆಲ್ಟ್ ಕಟ್ಟಿದ ಮೇಲೆ ಒಂದು ಬೆರಳು ತೂರುವಷ್ಟು ಸಡಿಲವಿದ್ದು, ಇನ್ನೂ ಎರಡು ತೂತುಗಳು ಉಳಿದಿರಬೇಕು, ಏಕೆಂದರೆ ಸೆಕೆಯಲ್ಲಿ ಕೈ ತುಸು ಊದುತ್ತದೆ. ಹೆಸರಾಂತ ಕಂಪೆನಿಗಳ ನಕಲಿ ವಾಚುಗಳು ಎಲ್ಲೆಡೆ ಇರುವುದರಿಂದ ಬಿಲ್ಲು ಮತ್ತು ಸಹಿ ಹಾಕಿದ ವಾರಂಟಿ ಚೀಟಿ ಇಲ್ಲದೆ ಕೊಳ್ಳಬೇಡಿ. ನೀರಿನಿಂದಾಗುವ ಹಾನಿಗೆ ವಾರಂಟಿ ಅನ್ವಯಿಸುತ್ತದೆಯೇ ಎಂಬುದನ್ನು ಚೀಟಿಯಲ್ಲಿ ನೀವೇ ಓದಿ ನೋಡಿ.

ಕೊಂಡ ಮೇಲಿನ ಆರೈಕೆ

ಬೆವರಿದ ದಿನ, ಕಡಲಿಗಿಳಿದ ದಿನ, ಮದ್ದು ತಾಗಿದ ದಿನ 5 ಬಾರ್ ಅಥವಾ ಅದಕ್ಕಿಂತ ಹೆಚ್ಚಿನ ವಾಚನ್ನು ಕ್ರೌನ್ ಒತ್ತಿದ ಸ್ಥಿತಿಯಲ್ಲಿಟ್ಟು ತಣ್ಣನೆಯ ಒಳ್ಳೆಯ ನೀರಿನಲ್ಲಿ ತೊಳೆದು, ಮೃದುವಾದ ಬಟ್ಟೆಯಲ್ಲಿ ಒರಸಿಡಿ. ಅದಕ್ಕಿಂತ ಕಡಿಮೆಯದಾದರೆ ಒದ್ದೆ ಬಟ್ಟೆಯಲ್ಲಿ ಒರಸಿದರೆ ಸಾಕು. ವಾರಕ್ಕೊಮ್ಮೆ ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಹಿಂಬದಿಯ ಸಂದಿಯನ್ನು, ಬೆಲ್ಟಿನ ಒಳಮೈಯನ್ನು ಉಜ್ಜಿ. ಸೆಲ್ಲು ಬದಲಿಸುವಾಗ ಮಾತ್ರ ಬಹಳ ಎಚ್ಚರ ಬೇಕು. ಹಿಂಬದಿ ಬಿಚ್ಚಿ, ಚಪ್ಪಟೆಯಾದ ಹಳೆಯ ವಾಷರನ್ನೇ ಮತ್ತೆ ಕೂರಿಸಿ ಮುಚ್ಚಿದರೆ 10 ಬಾರ್‌ನ ವಾಚು ಆ ಕ್ಷಣದಿಂದ 10 ಬಾರ್‌ನದ್ದಾಗಿ ಉಳಿಯುವುದಿಲ್ಲ. ಹೊಸ ವಾಷರ್ ಹಾಕಿ, ಅದಕ್ಕೆ ಸಿಲಿಕೋನ್ ಗ್ರೀಸು ಸವರಿ, ಒತ್ತಡದ ಪರೀಕ್ಷೆ ಮಾಡಿ ಕೊಡುವ ಸರ್ವಿಸ್ ಸೆಂಟರಿಗೇ ಒಯ್ಯಿರಿ. ಅದು ಸಾಧ್ಯವಾಗದೆ ಹತ್ತಿರದ ಅಂಗಡಿಯಲ್ಲಿ ಸೆಲ್ಲು ಹಾಕಿಸಿದರೆ, ಪರೀಕ್ಷೆ ಆಗುವವರೆಗೆ ಆ ವಾಚನ್ನು ಕಟ್ಟಿಕೊಂಡು ಕೆರೆಗೆ ಇಳಿಯಬೇಡಿ.